ಬಿಸಿನೀರಿನಲ್ಲಿ ಅದ್ದಿದ ಚೀಲ

ರಕ್ತದ ಚೀಲವನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ನನಗೆ ಹೆದರಿಕೆಯಾದದ್ದು ಅದರ ಬಣ್ಣ ನೋಡಿ ಅಲ್ಲ, ಅದರ ತಂಪಿಗೆ. ಕೆರೆಯಿಂದ ಆಗತಾನೆ ತೆಗೆದ ಮೀನಿನ ಹಾಗೆ ಮೆತ್ತಗೆ, ಜಾರುವಂತೆ, ತಣ್ಣಗಿತ್ತು. ಇದು ನನ್ನ ತಮ್ಮನ ಮೈಯೊಳಗೆ ಹೋಗಬೇಕು ಅನ್ನುವುದನ್ನು ನೆನೆದು ನನಗೇ ಚಳಿಯಾಯಿತು.

ತಮ್ಮನಿಗೆ ಹುಟ್ಟಿನಿಂದಲೇ ಥಲಸ್ಸೀಮಿಯಾ. ಆ ಪದ ನನ್ನ ನಾಲಿಗೆಯಲ್ಲಿ ಹೊರಳುವುದಕ್ಕೇ ವರ್ಷಗಳು ಹಿಡಿದವು. ಅವನ ಮೈ ತನಗೆ ಬೇಕಾದ ರಕ್ತವನ್ನು ತಾನೇ ಮಾಡಿಕೊಳ್ಳಲಾರದು. ಯಾರೋ ಕೊಟ್ಟ ರಕ್ತವನ್ನು ತಿಂಗಳಿಗೊಮ್ಮೆ ಏರಿಸಬೇಕು. ನಮ್ಮೂರು ಅರಕಲಗೂಡಿನಿಂದ ರಾಮನಾಥಪುರದ ಕಡೆಗೆ ಹೋಗುವ ದಾರಿಯಲ್ಲಿದೆ. ಅಪ್ಪ ಅವ್ವ ಇಬ್ಬರದೂ ಹೊಗೆಸೊಪ್ಪಿನ ಕೆಲಸ. ಅವ್ವನಿಗೆ ರಕ್ತ ಕಂಡರೆ ಕಣ್ಣು ಕತ್ತಲೆ ಬರುತ್ತಿತ್ತು. ಹಾಗಾಗಿ ಹಾಸನದ ಆಸ್ಪತ್ರೆಗೆ ಅಪ್ಪನ ಜೊತೆ ನಾನು ಹೋಗತೊಡಗಿದೆ. ಅಪ್ಪ ಚೀಟಿ ಹಿಡಿದು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಓಡಾಡುವಾಗ ತಮ್ಮನನ್ನು ನೋಡಿಕೊಳ್ಳುವವರು ಬೇಕಲ್ಲ. ಶಾಲೆ ಆರನೇ ಕ್ಲಾಸಿಗೇ ನಿಂತಿತು. ಇದನ್ನು ದೂರು ಹೇಳುವುದಕ್ಕೆ ಬರೆಯುತ್ತಿಲ್ಲ. ಆಗ ನನಗೆ ಶಾಲೆಗಿಂತ ಬಸ್ಸೇ ಹೆಚ್ಚು ಇಷ್ಟವಾಗಿತ್ತು.

ರಕ್ತನಿಧಿಯಿಂದ ಚೀಲವನ್ನು ವಾರ್ಡಿಗೆ ತರುವುದು ರೋಗಿಯ ಕಡೆಯವರ ಕೆಲಸ. ಏರಿಸುವ ಮೊದಲು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿರಿ, ಚಳಿ ಬಿಡಲಿ ಎಂದು ಸಿಸ್ಟರ್ ಹೇಳುತ್ತಿದ್ದರು. ಅದರ ಹಿಂದೆಯೇ, "ಬಿಸಿ ಗಿಸಿ ಮಾಡಬೇಡಿ ಮತ್ತೆ" ಎಂದೂ ಹೇಳುತ್ತಿದ್ದರು. ಈ ಎರಡನೆಯ ಮಾತು ನನ್ನ ಕಿವಿಗೆ ಬಿದ್ದಿತ್ತು. ಬಿದ್ದಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ತಮ್ಮ ಆಗ ಚಿಕ್ಕವನು. ರಕ್ತ ಒಳಗೆ ಇಳಿಯತೊಡಗಿದರೆ ಅವನ ತೋಳು ಮೊದಲು ತಣ್ಣಗಾಗುತ್ತಿತ್ತು, ಆಮೇಲೆ ಹಲ್ಲು ಕಟಕಟ ಅನ್ನುತ್ತಿದ್ದವು. ಒಂದು ಸಲ ಹೀಗೆ ನಡುಗುತ್ತಿದ್ದಾಗ ಪಕ್ಕದ ಮಂಚದ ಹೆಂಗಸು ನನ್ನನ್ನು ಬಯ್ದರು. ಅವರು ಚನ್ನರಾಯಪಟ್ಟಣದ ಕಡೆಯವರು. ಅವರ ಮಗಳಿಗೂ ಇದೇ ಕಾಯಿಲೆ.

"ಏನವ್ವಾ, ಐಸ್‌ನಂಗಿರೋದ್ನ ಅಂಗೇ ಆ ಕೂಸಿನ ಮೈಗೆ ಬುಡ್ತೀರಾ? ಮನೇಲಿ ಜರ ಬಂದೋರ್ಗೆ ನೀರ್ನಾದ್ರೂ ಬಿಸಿ ಮಾಡ್ದೆ ಕೊಡ್ತೀರಾ ನೀವು?"

"ಸಿಸ್ಟರು ಬ್ಯಾಡ ಅಂದವ್ರೆ."

"ಸಿಸ್ಟರ್ ಏನು ತಮ್ ಮಗೀಗೆ ಏರುಸ್ತಾವ್ರಾ? ಏಳ್ಬ್ಯಾಡ, ಕೇಳ್ಬ್ಯಾಡ. ಮಾಡು, ಸುಮ್ಕಿರು."

ಹೇಗೆ ಮಾಡಬೇಕೆಂದೂ ಅವರೇ ತೋರಿಸಿದರು. ಆಸ್ಪತ್ರೆಯ ಗೇಟಿನ ಟೀ ಅಂಗಡಿಯಲ್ಲಿ ಊಟದ ಡಬ್ಬಿಗೆ ಬಿಸಿನೀರು ಹಾಕಿಸಿಕೊಳ್ಳಬೇಕು. ಅದಕ್ಕೆ ನಲ್ಲಿಯ ನೀರು ಬೆರೆಸಿ, ಎಳೆ ಮಗುವಿಗೆ ಮೀಯಿಸುವ ನೀರಿನಷ್ಟು ಹದ ಮಾಡಿಕೊಳ್ಳಬೇಕು. ಚೀಲವನ್ನು ಒಂದು ಕವರಿನಲ್ಲಿ ಸುತ್ತಿ ಅದ್ದಬೇಕು. ಆಮೇಲೆ ಒರೆಸಿ, ಸೆರಗಿನೊಳಗೆ ಇಟ್ಟುಕೊಂಡು ವಾರ್ಡಿಗೆ ಬಂದರೆ ಯಾರಿಗೂ ತಿಳಿಯುವುದಿಲ್ಲ. ನಮ್ಮ ಕಡೆ ಕಾಯಿಲೆಯವರಿಗೆ ತಣ್ಣಗಿನದು ಕೊಟ್ಟರೆ ಪಾಪ ಸುತ್ತಿಕೊಳ್ಳುತ್ತದೆ ಅನ್ನುವಷ್ಟು ನಂಬಿಕೆ. ನೀರು, ಗಂಜಿ, ಹಾಲು, ಹಚ್ಚುವ ಎಣ್ಣೆ, ಎಲ್ಲವೂ ಬೆಚ್ಚಗಾಗಿಯೇ ರೋಗಿಯ ಹತ್ತಿರ ಹೋಗಬೇಕು. ರಕ್ತವೊಂದನ್ನು ಬೇರೆ ಎಂದುಕೊಳ್ಳಲು ನನಗೆ ಯಾವ ಕಾರಣವೂ ಕಾಣಲಿಲ್ಲ.

ಮುಂದಿನ ತಿಂಗಳು ಹಾಗೆಯೇ ಮಾಡಿದೆ. ತಮ್ಮ ನಡುಗಲಿಲ್ಲ. ನಿದ್ದೆ ಹೋದ.

"ಅಕ್ಕ ಇಡ್ಕಂಡ್ರೆ ಚಳಿ ಆಗಲ್ಲ" ಎಂದು ಅವನು ಮನೆಯಲ್ಲಿ ಹೇಳಿದ. ಅಪ್ಪ ಅದನ್ನು ಊರಿಗೆಲ್ಲ ಹೇಳಿದರು. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಲು ಕೂತ ಹೆಂಗಸರು ನನ್ನನ್ನು ಕರೆದು, "ನಿನ್ ಕೈಗುಣ ಕಣವ್ವ. ಎಲ್ರ ಕೈಗೂ ಬರಾದಲ್ಲ ಅದು" ಅಂದರು. ಓದಿನಲ್ಲಿ ಯಾವತ್ತೂ ಭೇಷ್ ಅನ್ನಿಸಿಕೊಳ್ಳದ ಹುಡುಗಿಗೆ ಸಿಕ್ಕ ಒಂದೇ ಹೆಸರು ಅದು. ಅದು ಕೈಗುಣವಲ್ಲ, ಟೀ ಅಂಗಡಿಯ ನೀರು ಎಂದು ನಾನು ಯಾರಿಗೂ ಹೇಳಲಿಲ್ಲ. ತಮ್ಮನಿಗೂ ಹೇಳಲಿಲ್ಲ. ಪ್ರತಿ ಸಲವೂ ಮೆಟ್ಟಿಲ ಕೆಳಗಿನ ಮೂಲೆಗೆ ಹೋಗಿ, ಬೆನ್ನು ಮಾಡಿ ಕೂತು, ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ.

ಚನ್ನರಾಯಪಟ್ಟಣದ ಹೆಂಗಸು ಕೆಲವು ವರ್ಷ ನಮ್ಮ ಜೊತೆಯಲ್ಲೇ ಬರುತ್ತಿದ್ದರು. ಆಮೇಲೆ ಒಂದು ತಿಂಗಳು ಬರಲಿಲ್ಲ, ಅದರ ಮುಂದಿನ ತಿಂಗಳೂ ಬರಲಿಲ್ಲ. ಆ ಮಂಚದ ಮೇಲೆ ಬೇರೆ ಮಗು ಮಲಗಿತ್ತು. ಎಲ್ಲಿ ಹೋದರು ಎಂದು ಸಿಸ್ಟರನ್ನು ಕೇಳಬೇಕೆಂದು ಬಾಯಿ ತೆರೆದವಳು ಕೇಳದೆ ಬಂದೆ. ಮೈಸೂರಿನ ಆಸ್ಪತ್ರೆಗೆ ಹೋಗುತ್ತಿರಬಹುದು ಎಂದುಕೊಂಡೆ. ಇವತ್ತಿಗೂ ಹಾಗೆಯೇ ಅಂದುಕೊಳ್ಳುತ್ತೇನೆ.

ನನ್ನನ್ನು ಹೊಳೆನರಸೀಪುರಕ್ಕೆ ಕೊಟ್ಟರು. ತಮ್ಮ ಐಟಿಐ ಓದಲು ನಮ್ಮ ಮನೆಗೇ ಬಂದ. ಓದು ಮುಗಿಸಿ ಅಲ್ಲಿಯೇ ಒಂದು ಮೊಬೈಲ್ ರಿಪೇರಿ ಅಂಗಡಿ ಸೇರಿದ. ತಿಂಗಳಿಗೊಮ್ಮೆ ನಾವಿಬ್ಬರೂ ಹಾಸನದ ಬಸ್ಸು ಹತ್ತುತ್ತಿದ್ದೆವು. ಇಪ್ಪತ್ತು ದಾಟಿದ್ದರೂ ಅವನಿಗೆ ಮೀಸೆ ಚಿಗುರಿರಲಿಲ್ಲ, ದನಿ ಒಡೆದಿರಲಿಲ್ಲ. ಕಂಡಕ್ಟರ್ ಒಮ್ಮೆ ಅವನಿಗೆ ಅರ್ಧ ಟಿಕೆಟ್ ಹರಿಯಲು ಹೋಗಿ, ನಾನು ಬೇಡ ಅಂದದ್ದಕ್ಕೆ ನಕ್ಕಿದ್ದ. ರಕ್ತ ಏರಿಸಿ ಏರಿಸಿ ಮೈಯಲ್ಲಿ ಕಬ್ಬಿಣದ ಅಂಶ ಕೂಡಿಕೊಂಡು ಬೆಳವಣಿಗೆ ತಡೆದಿದೆ ಎಂದು ಡಾಕ್ಟರ್ ಹೇಳಿದ್ದರು. ಅದಕ್ಕೆ ಮಾತ್ರೆ ನುಂಗುತ್ತಿದ್ದ.

ರಕ್ತ ಏರಿಸಿಕೊಂಡು ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ಫೋನು ನೋಡುತ್ತಾ ಕೂರುವುದು ರೂಢಿ. ಒಂದು ದಿನ ನೋಡುತ್ತಿದ್ದವನು ತಲೆಯೆತ್ತಿ ಹೇಳಿದ:

"ಅಕ್ಕಾ, ಈ ರಕ್ತದ ಚೀಲ ಯಾಕೆ ಮೆತ್ತಗಿರ್ತದೆ ಗೊತ್ತಾ? ಪ್ಲಾಸ್ಟಿಕ್ ತಾನಾಗೇ ಮೆತ್ತಗಿರಲ್ವಂತೆ. ಅದಕ್ಕೆ ಒಂದು ಎಣ್ಣೆ ಸೇರಿಸ್ತಾರಂತೆ."

"ಎಂಥಾ ಎಣ್ಣೆ? ಒಬ್ಬಟ್ಟಿಗೆ ಹಾಕೋದಾ?"

"ಊಂ, ಒಬ್ಬಟ್ಟಿಗೆ. ಕೆಮಿಕಲ್ ಕಣಕ್ಕ. ಅದು ಚೀಲದಲ್ಲೇ ನಿಲ್ಲಲ್ಲ, ರಕ್ತಕ್ಕೆ ಇಳೀತದಂತೆ. ಚೀಲ ಹಳೇದಾದಷ್ಟೂ ಜಾಸ್ತಿ ಇಳೀತದೆ. ಒಂದೆರಡು ಸಲ ರಕ್ತ ಹಾಕಿಸ್ಕಳೋರ್ಗೆ ಪರವಾಗಿಲ್ಲ ಅನ್ನು. ನಂಗೆ ಹುಟ್ಟಿದಾಗ್ಲಿಂದ ಬತ್ತಾ ಇದೆಯಲ್ಲ. ನಾನು ಅರ್ಧ ಪ್ಲಾಸ್ಟಿಕ್ ಬಿಂದಿಗೆ ಕಣಕ್ಕ ಈಗ."

ನಾನು ನಕ್ಕೆ. ಅವನೂ ನಕ್ಕ. ಆಮೇಲೆ ಬೆರಳಿನಿಂದ ಪರದೆಯನ್ನು ಇನ್ನಷ್ಟು ಮೇಲಕ್ಕೆ ಸರಿಸಿ ಓದಿದ. ನಗು ನಿಂತಿತು.

"ಇನ್ನೇನು ಬರ್ದವ್ರೆ?" ಅಂದೆ.

"ಗಂಡುಮಕ್ಳ ಬೆಳವಣಿಗೆ ಕೆಡಿಸ್ಬೋದು ಅಂತ ಬರ್ದವ್ರೆ. ಇಲಿಗಳ ಮೇಲೆ ನೋಡವ್ರಂತೆ. ಮನುಷ್ಯರಿಗೆ ಎಷ್ಟು ಅಂತ ಗೊತ್ತಿಲ್ವಂತೆ." ಸ್ವಲ್ಪ ತಡೆದು, "ಬಿಸಿ ತಾಕಿದ್ರೆ ಇನ್ನೂ ಬೇಗ ಇಳೀತದಂತೆ. ಅದುಕ್ಕೇ ಫ್ರಿಡ್ಜ್‌ನಲ್ಲಿ ಮಡಗೋದು ಒಳ್ಳೇದು ಬುಡು" ಅಂದ.

ಆಚೆ ತೆಂಗಿನ ತೋಟಗಳು ಹಿಂದಕ್ಕೆ ಓಡುತ್ತಿದ್ದವು. ಕೈಚೀಲದಲ್ಲಿ ಖಾಲಿ ಊಟದ ಡಬ್ಬಿ ನನ್ನ ಮೊಣಕಾಲಿಗೆ ತಾಗುತ್ತಿತ್ತು. ನಾನು ಅದನ್ನು ಸೀಟಿನ ಕೆಳಕ್ಕೆ ತಳ್ಳಿದೆ.

ಮುಂದಿನ ತಿಂಗಳು ರಕ್ತನಿಧಿಯ ಕಿಟಕಿಯಲ್ಲಿ ತಮ್ಮನೇ ಮಾತಾಡಿದ. ಹೊಸ ಚೀಲ ಇದ್ದರೆ ಕೊಡಿ ಸಾ, ಇದರ ತಾರೀಖು ತುಂಬಾ ಹಳೇದು, ಅಂದ. ಒಳಗಿನವನು ಚೀಲವನ್ನೂ ನೋಡಲಿಲ್ಲ, ಇವನನ್ನೂ ನೋಡಲಿಲ್ಲ. "ಹೊಸಾದು ಬೇಕು ಅನ್ನಾಕೆ ಇದೇನ್ ಕೊತ್ತಂಬ್ರಿ ಸೊಪ್ಪೇನಪ್ಪಾ? ಮುಂಚೆ ಬಂದಿದ್ದು ಮುಂಚೆ ಹೋಗ್ಬೇಕು. ಇಲ್ದಿದ್ರೆ ಚೆಲ್ಲಾಯ್ತದೆ, ಯಾರೋ ಕೊಟ್ಟ ರಕ್ತ." ಅದೂ ಸುಳ್ಳಲ್ಲ. ತಮ್ಮ ಚೀಲ ತೆಗೆದುಕೊಂಡು ನನ್ನ ಕೈಗೆ ಕೊಟ್ಟ.

ಅಂದು ನಾನು ಟೀ ಅಂಗಡಿಗೆ ಹೋಗಲಿಲ್ಲ. ಎರಡು ಅಂಗೈಗಳ ನಡುವೆ ಹಿಡಿದುಕೊಂಡು ಕೂತು, ಸಿಸ್ಟರಿಗೆ ಒಪ್ಪಿಸಿದೆ. ರಕ್ತ ಇಳಿಯುತ್ತಿದ್ದಂತೆ ತಮ್ಮ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ.

"ಯಾಕಕ್ಕಾ ಇವತ್ತು ಇಂಗೆ ತಣ್ಣಗದೆ? ನಿನ್ ಕೈಗುಣ ಎಲ್ಲೋಯ್ತು?"

ತಮಾಷೆಗೇ ಕೇಳಿದ್ದು. ಆಗಲೇ ಹೇಳಬಹುದಿತ್ತು. ಹೇಳಿದ್ದರೆ ಅವನು ಒಂದು ದಿನ ಕೋಪ ಮಾಡಿಕೊಳ್ಳುತ್ತಿದ್ದ, ಅಷ್ಟೆ. ನಾನು ಅವನ ಪಾದ ತಿಕ್ಕುತ್ತಾ, "ಇವತ್ತು ಚಳಿ ಜಾಸ್ತಿ ಕಣ್ಲಾ" ಅಂದೆ. ಹೊರಗೆ ಬಿಸಿಲು ಸುಡುತ್ತಿತ್ತು.

ಅದರ ಮುಂದಿನ ಸಲ ನಾನು ಮತ್ತೆ ಮೆಟ್ಟಿಲ ಕೆಳಗೆ ಹೋದೆ. ಯಾಕೆ ಹೋದೆ ಎಂದು ನನ್ನನ್ನೇ ಎಷ್ಟು ಸಲ ಕೇಳಿಕೊಂಡಿದ್ದೇನೋ. ಅವನು ನಡುಗುವುದನ್ನು ನೋಡಲಾಗಲಿಲ್ಲ ಅನ್ನುವುದು ಅರ್ಧ ನಿಜ. ನನ್ನ ಕೈಗುಣ ಹೋಯಿತು ಅನ್ನುವ ಮಾತನ್ನು ಅವನ ಬಾಯಿಂದ ಎರಡನೆಯ ಸಲ ಕೇಳುವ ಧೈರ್ಯ ಇರಲಿಲ್ಲ ಅನ್ನುವುದು ಉಳಿದರ್ಧ. ಫೋನಿನಲ್ಲಿ ಬಂದದ್ದೆಲ್ಲ ನಿಜವಾಗಬೇಕೇ? ಇಷ್ಟು ವರ್ಷ ಮಾಡಿದ್ದಕ್ಕೆ ಏನಾಯಿತು? ಎಂದು ಮನಸ್ಸಿಗೆ ಹೇಳಿಕೊಂಡೆ.

ಅವತ್ತು ಅಂಗಡಿಯವನು ಕುದಿಯುವ ನೀರನ್ನೇ ಡಬ್ಬಿಗೆ ಸುರಿದಿದ್ದ. ನಲ್ಲಿ ತಿರುಗಿಸಿದರೆ ಬರೀ ಗಾಳಿ. ವಾರ್ಡಿನಿಂದ ಸಿಸ್ಟರ್ ಕೂಗುವುದು ಕೇಳಿಸಿತು. ನಾನು ಚೀಲವನ್ನು ಹಾಗೆಯೇ ಇಳಿಬಿಟ್ಟೆ. ತೆಗೆದಾಗ ಕೈಗೆ ಬಿಸಿ ತಾಕಿತು. ಪ್ಲಾಸ್ಟಿಕ್ ಎಂದಿಗಿಂತ ಹೆಚ್ಚು ಮೆತ್ತಗಾಗಿತ್ತು, ಬೆರಳು ಒತ್ತಿದಲ್ಲಿ ಗುರುತು ಉಳಿಯಿತು. ಕೆಳಗಿನ ಒಂದು ಮೂಲೆಯಲ್ಲಿ ರಕ್ತ ಬೆಲ್ಲದ ಪಾಕದ ಹಾಗೆ ಕಪ್ಪಾಗಿತ್ತು. ನೋಡಿದೆ. ಎಲ್ಲಿಯೋ ಏನೋ ಕೆಟ್ಟಿದೆ ಎಂದು ಅಡಿಗೆ ಮಾಡುವ ಯಾವ ಹೆಂಗಸಿಗೂ ತಿಳಿಯುತ್ತದೆ, ನನಗೂ ತಿಳಿಯಿತು. ಚೀಲವನ್ನು ಮೆಲ್ಲಗೆ ಅತ್ತಿತ್ತ ಆಡಿಸಿದೆ. ಕಪ್ಪು ಕೆಂಪಿನೊಳಗೆ ಕಲೆತು ಹೋಯಿತು. ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಹಿಡಿದು, ಒಯ್ದು ಕೊಟ್ಟೆ. ಸಿಸ್ಟರ್ ಚೀಲದ ನಂಬರು, ಗುಂಪು ನೋಡಿ ನೇತುಹಾಕಿದರು.

ಸ್ವಲ್ಪ ಹೊತ್ತಿನಲ್ಲಿ ತಮ್ಮ ಸೊಂಟ ಹಿಡಿದುಕೊಂಡ. "ಬೆನ್ನು ಮುರ್ದಂಗಾಯ್ತದೆ ಅಕ್ಕಾ" ಅಂದ. ಜ್ವರ ಏರಿತು. ನಡುಕ ಬಂತು, ಚಳಿಯ ನಡುಕವಲ್ಲ, ಮಂಚದ ಕಾಲು ಸದ್ದು ಮಾಡುವಂಥದ್ದು. ಸಿಸ್ಟರ್ ಓಡಿಬಂದು ರಕ್ತ ಇಳಿಯುವ ನಳಿಗೆಯನ್ನು ಮುಚ್ಚಿದರು. ಅವನ ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿತ್ತು.

ಡಾಕ್ಟರಮ್ಮ ಬಂದರು. ವಯಸ್ಸು ನನಗಿಂತ ಕಡಿಮೆಯೇ ಇರಬೇಕು. ಉಳಿದ ರಕ್ತವನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಕಡೆ ತಿರುಗಿದರು.

"ಇದನ್ನ ಯಾರಾದ್ರೂ ಬಿಸಿ ಮಾಡಿದ್ರಾ? ಬಿಸಿನೀರಿನಲ್ಲಿ ಇಟ್ಟಿದ್ರಾ? ಹೆದರಬೇಡಿ, ಹೇಳಿ."

ತಮ್ಮನ ಕಣ್ಣು ನನ್ನ ಮೇಲಿತ್ತು.

"ಇಲ್ಲ ಮೇಡಂ. ಕೈಯಲ್ಲೇ ಇಟ್ಕೊಂಡಿದ್ದೆ."

ದನಿ ಸ್ವಲ್ಪವೂ ನಡುಗಲಿಲ್ಲ.

ಆಸ್ಪತ್ರೆಯಲ್ಲಿ ಇಟ್ಟುಕೊಂಡು ಅವನನ್ನು ಉಳಿಸಿದರು. ಹಾಗಾದರೆ ಬೇರೆಯವರ ರಕ್ತವನ್ನು ಅವನ ಮೈಯೇ ಬೇಡವೆನ್ನುತ್ತಿರಬಹುದು ಎಂದು ಡಾಕ್ಟರಮ್ಮ ಅಂದಾಜು ಮಾಡಿದರು. ಅದರ ಪರೀಕ್ಷೆಗೆ ಅವನ ರಕ್ತವನ್ನು ದೊಡ್ಡ ಊರಿಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಏರಿಸುವುದು ಬೇಡ ಅಂದರು. ಬರುವುದು ತಡವಾಯಿತು. ಹೊಳೆನರಸೀಪುರದ ಮನೆಯಲ್ಲಿ ತಮ್ಮ ದಿನದಿನಕ್ಕೆ ಬಿಳಿಚಿಕೊಂಡ. ಅಂಗಡಿಗೆ ಹೋಗುವುದು ನಿಂತಿತು. ಸ್ನಾನಕ್ಕೆ ಎದ್ದರೆ ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದ. ಅವ್ವ ಊರಿನಿಂದ ಬಂದು, ಅವನ ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, ಒಳಗೆ ಸುಣ್ಣದಂತೆ ಬೆಳ್ಳಗಿದ್ದದ್ದನ್ನು ಕಂಡು ಹಿತ್ತಿಲಿಗೆ ಹೋದಳು.

ಕೊನೆಗೂ ಫೋನು ಬಂತು. ಪರೀಕ್ಷೆಯಲ್ಲಿ ಏನೂ ತೊಂದರೆ ಕಂಡಿಲ್ಲ, ಕೂಡಲೇ ಕರೆದುಕೊಂಡು ಬನ್ನಿ, ಇನ್ನು ತಡ ಮಾಡುವಂತಿಲ್ಲ ಎಂದರು. ನಾನು ಅವನ ಬಟ್ಟೆ ತೆಗೆದಿಟ್ಟೆ. ಅವನು ಜಗುಲಿಯಲ್ಲಿ ಕೂತಿದ್ದವನು ಏಳಲಿಲ್ಲ.

"ನಾನು ಬರಲ್ಲ ಕಣಕ್ಕ."

"ಏನ್ಲಾ ಇದು? ಆಟನಾ?"

"ಆ ಚೀಲದ್ದು ಬ್ಯಾಡ ನಂಗೆ. ಎಲ್ಲಾ ಪರೀಕ್ಷೆ ಸರಿ ಅದೆ ಅಂತಾವ್ರೆ, ಆದ್ರೂ ಅವತ್ತು ಸಾಯಂಗಾದೆ. ಇನ್ನೇನಿಂದ ಆಯ್ತು ಏಳು? ಆ ಎಣ್ಣೆನೇ. ಮೈಯೆಲ್ಲಾ ತುಂಬ್ಕಂಡದೆ, ಇನ್ನು ಇಡ್ಸಲ್ಲ ಅಂತ ಮೈ ಒದರ್ತದೆ. ಇನ್ನೊಂದು ಚೀಲ ಏರಿಸ್ಕಂಡು ಆಸ್ಪತ್ರೆಲಿ ಸಾಯೋ ಬದ್ಲು ಇಲ್ಲೇ ಕೂತಿರ್ತೀನಿ."

ಅವ್ವ ಅತ್ತಳು. ನನ್ನ ಗಂಡ, "ಎತ್ತಿಕೊಂಡೇ ಹೋಗ್ತೀನಿ ಬಾರ್ಲಾ" ಎಂದು ತೋಳಿಗೆ ಕೈ ಹಾಕಿದರು. ತಮ್ಮ ಕಂಬವನ್ನು ತಬ್ಬಿಕೊಂಡ. ಅವನಿಗಿದ್ದ ಬಲಕ್ಕೆ ಒಂದು ಮಗು ಎಳೆದರೂ ಬರಬೇಕಿತ್ತು. ಆದರೂ ಯಾರೂ ಎಳೆಯಲಿಲ್ಲ. ಎತ್ತಿಕೊಂಡು ಹೋದರೂ, ಬೇಡ ಅನ್ನುವವನ ತೋಳಿಗೆ ಸೂಜಿ ಚುಚ್ಚುವವರು ಯಾರು?

ಅವನು ಎಣ್ಣೆಯನ್ನು ದೂರುತ್ತಿದ್ದ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವನು ಆ ಕಂಬದ ಬುಡದಲ್ಲೇ ಹೋಗಿಬಿಡುತ್ತಿದ್ದ, ನನ್ನ ಹೆಸರು ಉಳಿಯುತ್ತಿತ್ತು. ಇಷ್ಟು ಸ್ಪಷ್ಟವಾಗಿ ಕಂಡ ಮೇಲೂ ಮಾತು ಹೊರಡಲು ಹೊತ್ತು ಹಿಡಿಯಿತು ಅನ್ನುವುದನ್ನು ಬರೆಯದಿದ್ದರೆ ಈ ಬರವಣಿಗೆಗೆ ಅರ್ಥವಿಲ್ಲ.

"ಅದು ಎಣ್ಣೆಯಿಂದಲ್ಲ ಕಣ್ಲಾ," ಅಂದೆ. "ನಾನು ಕುದಿಯೋ ನೀರಿಗೆ ಆಕ್ದೆ."

ಅವನಿಗೆ ಅರ್ಥವಾಗಲಿಲ್ಲ. ಮೊದಲಿಂದ ಹೇಳಿದೆ. ಚನ್ನರಾಯಪಟ್ಟಣದ ಹೆಂಗಸು, ಡಬ್ಬಿ, ಮೆಟ್ಟಿಲ ಕೆಳಗಿನ ಮೂಲೆ. ಕಪ್ಪಗಾದ ರಕ್ತವನ್ನು ಆಡಿಸಿ ಕಲೆಸಿದ್ದನ್ನೂ ಹೇಳಿದೆ. ಅವ್ವ ಅಳುವುದನ್ನು ನಿಲ್ಲಿಸಿ ನನ್ನನ್ನು ನೋಡುತ್ತಿದ್ದಳು. ತಮ್ಮ ಕಂಬ ಬಿಟ್ಟ.

"ಯಾವಾಗಿಂದ?"

"ನೀನು ಚಿಕ್ಕೋನಿದ್ದಾಗಿಂದ."

"ಪ್ರತಿ ಸಲಾನೂ?"

"ಒಂದ್ಸಲ ಬಿಟ್ಟು."

ಅವನು ತನ್ನ ಬೋಳು ಗಲ್ಲವನ್ನು ಅಂಗೈಯಿಂದ ಒಮ್ಮೆ ಸವರಿಕೊಂಡ. ಬಯ್ಯಲಿಲ್ಲ. ನನ್ನ ಗಂಡನ ಕಡೆ ನೋಡಿ, "ಭಾವ, ಗಾಡಿ ತೆಗೀರಿ" ಅಂದ.

ಹಾಸನದಲ್ಲಿ ಡಾಕ್ಟರಮ್ಮನ ಮುಂದೆ ಮತ್ತೆ ಎಲ್ಲವನ್ನೂ ಹೇಳಬೇಕಾಯಿತು. ಅವರು ಕೂಗಾಡಿದ್ದರೆ ಸುಲಭವಾಗುತ್ತಿತ್ತು. ಅವರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟು, ಕೇಳಿಸಿಕೊಂಡು, ನಿಧಾನವಾಗಿ ವಿವರಿಸಿದರು. ಆವತ್ತಿನದು ಬಿಸಿಯಿಂದ ರಕ್ತದ ಕಣಗಳೇ ಒಡೆದು ಆದದ್ದು. ನಾನು ಅವತ್ತೇ ಹೇಳಿದ್ದರೆ ಇಷ್ಟು ದಿನ ಕಾಯಿಸುವ ಅಗತ್ಯವೇ ಇರಲಿಲ್ಲ.

ತಮ್ಮ ಕೇಳಿದ: "ಆ ಎಣ್ಣೆ ವಿಷಯ ಸುಳ್ಳಾ ಮೇಡಂ?"

"ಸುಳ್ಳಲ್ಲ. ಇಳಿಯೋದು ನಿಜ. ದಿನ ಕಳೆದಷ್ಟೂ ಜಾಸ್ತಿ ಆಗೋದೂ ನಿಜ. ಆದ್ರೆ ಅದೇ ಎಣ್ಣೆ ಚೀಲದಲ್ಲಿರೋ ರಕ್ತದ ಕಣ ಬೇಗ ಒಡೆಯದ ಹಾಗೆ ಕಾಯುತ್ತೆ. ಅದಕ್ಕೇ ಅದನ್ನ ಸುಲಭವಾಗಿ ಬಿಡೋದಕ್ಕೆ ಆಗಿಲ್ಲ. ಅದಿಲ್ಲದ ಚೀಲಗಳೂ ಇವೆ, ನಮ್ಮ ಕಡೆ ಇನ್ನೂ ಬಂದಿಲ್ಲ."

"ಅಕ್ಕ ಬಿಸಿ ಮಾಡಿದ್ದಕ್ಕೆ?"

ಡಾಕ್ಟರಮ್ಮ ನನ್ನನ್ನು ನೋಡಿದರು, ಆಮೇಲೆ ಅವನನ್ನು.

"ಸ್ವಲ್ಪ ಹೆಚ್ಚಿಗೆ ಇಳಿದಿರಬಹುದು. ಎಷ್ಟು ಅಂತ ನನಗೆ ಗೊತ್ತಿಲ್ಲ. ಅದು ನಿಮ್ಮ ಮೈಗೆ ಏನು ಮಾಡಿದೆ, ಕಬ್ಬಿಣ ಏನು ಮಾಡಿದೆ, ಬಿಡಿಸಿ ಹೇಳೋ ಪರೀಕ್ಷೆ ನಮ್ಮಲ್ಲಿ ಇಲ್ಲ. ಇದೆ ಅಂತ ಸುಳ್ಳು ಹೇಳಲಾರೆ. ರಕ್ತ ಇಲ್ಲದೆ ಮಾತ್ರ ನೀವು ಈ ವಾರ ದಾಟಲ್ಲ. ಇದು ನನಗೆ ಗೊತ್ತು."

ಅವನು ತೋಳು ಚಾಚಿದ.

ಸಿಸ್ಟರ್ ಅಂದು ಚೀಲವನ್ನು ನನ್ನ ಕೈಗೆ ಕೊಡಲಿಲ್ಲ. ತಮ್ಮನೇ ತೊಡೆಯ ಮೇಲೆ ಇಟ್ಟುಕೊಂಡು ಕೂತ. ಎರಡೂ ಕಡೆ ತಿರುಗಿಸಿ ತಾರೀಖು ಓದಿದ. ನೇತುಹಾಕಿದ ಮೇಲೆ ಮೊದಲ ಹನಿಗಳು ಇಳಿದವು. ಅವನ ತೋಳಿನ ಮೇಲೆ ನವಿರೆದ್ದಿತು, ಹಲ್ಲು ಕಚ್ಚಿಕೊಂಡ. ಹೊದಿಕೆ ಸರಿಮಾಡಲು ನಾನು ಎದ್ದೆ. ಅವನು ತಾನೇ ಎಳೆದುಕೊಂಡ.

ನನ್ನ ಕಡೆ ತಿರುಗದೆ ಕೇಳಿದ:

"ಅಕ್ಕಾ, ಇನ್ನೇನಾದ್ರೂ ಮುಚ್ಚಿಟ್ಟಿದ್ದೀಯಾ?"

"ಇಲ್ಲ ಕಣ್ಲಾ," ಅಂದೆ.

ನಿಜವನ್ನೇ ಹೇಳಿದೆ. ದನಿ ಸ್ವಲ್ಪವೂ ನಡುಗಲಿಲ್ಲ. ಡಾಕ್ಟರಮ್ಮನಿಗೆ ಸುಳ್ಳು ಹೇಳಿದಾಗಲೂ ಅದು ಹೀಗೆಯೇ ಇತ್ತು, ಮತ್ತು ಅದನ್ನು ಅವನು ಇದೇ ಮಂಚದ ಮೇಲೆ ಮಲಗಿ ಕೇಳಿದ್ದ. ಅವನು ನಳಿಗೆಯಲ್ಲಿ ಒಂದೊಂದಾಗಿ ಬೀಳುವ ಹನಿಗಳನ್ನು ನೋಡುತ್ತಾ ಮಲಗಿದ.